ಮಣ್ಣಿನ ಗುಂಡಿಗಿಳಿಯುವ ಪಂದ್ಯ

ಹೈಸ್ಕೂಲಿಗೆ ಹೋಗುವ ನಿಮ್ಮ ಮಗನನ್ನೋ ಮಗಳನ್ನೋ ಹತ್ತಿರ ಕರೆದು, 'ನಮ್ಮ ಹೊಲದಲ್ಲಿ ಒಂದು ಅಡಿ ಕೆಳಗೆ ಎಂಥ ಮಣ್ಣಿದೆ?' ಎಂದು ಕೇಳಿ ನೋಡಿ. ಪಾಠದಲ್ಲಿರುವ ಮಣ್ಣಿನ ಬಗೆಗಳನ್ನೆಲ್ಲ ಪಟಪಟನೆ ಹೇಳುವ ಮಕ್ಕಳು ಈ ಪ್ರಶ್ನೆಗೆ ತಡವರಿಸಿದರೆ ಆಶ್ಚರ್ಯವಿಲ್ಲ. ಇಂಥ ಪ್ರಶ್ನೆಗೆ ಗುಂಡಿಯೊಳಗೇ ನಿಂತು ಉತ್ತರ ಕೊಡಬೇಕಾದ ಪಂದ್ಯವೊಂದು ಅಮೆರಿಕದಲ್ಲಿದೆ. ಅದರ ಹೆಸರು ಎನ್ವಿರೋಥಾನ್.

ಇದನ್ನು ಹುಟ್ಟುಹಾಕಿದವರು ಪೆನ್ಸಿಲ್ವೇನಿಯಾ ರಾಜ್ಯದ ಮಣ್ಣು ಸಂರಕ್ಷಣಾ ಜಿಲ್ಲೆಗಳವರು. 'ಜಿಲ್ಲೆ' ಎಂದರೆ ಇಲ್ಲಿ ಕಂದಾಯ ಜಿಲ್ಲೆಯಲ್ಲ. ಮಣ್ಣು ನೀರು ಕಾಪಾಡಲು ಸ್ಥಳೀಯರ ಮಂಡಳಿ ನಡೆಸುವ ಸಂಸ್ಥೆ. 1979ರಲ್ಲಿ 'ಪರಿಸರ ಒಲಿಂಪಿಕ್ಸ್' ಎಂಬ ಹೆಸರಿನಲ್ಲಿ ಆರಂಭವಾದ ಪಂದ್ಯ 1988ರಲ್ಲಿ ಬೇರೆ ರಾಜ್ಯಗಳಿಗೂ ಹಬ್ಬಿತು. ಮುಂದೆ ಕೆನಡಾದ ತಂಡಗಳೂ ಸೇರಿಕೊಂಡವು.

ಇಂಥ ಜಿಲ್ಲೆಗಳು ಹುಟ್ಟಿದ್ದರ ಹಿಂದೆ ದೊಡ್ಡ ಕಷ್ಟದ ಕಥೆಯಿದೆ. ಅಮೆರಿಕದ ನಡುನಾಡಿನ ಹುಲ್ಲುಗಾವಲನ್ನು ಉತ್ತು ರೈತರು ಗೋಧಿ ಬಿತ್ತಿದ್ದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಹುಲ್ಲಿನ ಬೇರಿನ ಹಿಡಿತ ತಪ್ಪಿದ್ದ ಮೇಲ್ಮಣ್ಣು ಗಾಳಿಗೆ ಎದ್ದುಹೋಯಿತು. 1935ರ ಏಪ್ರಿಲ್ 14ರ ಭಾನುವಾರ ದೂಳು ಮುಸುಕಿ ಹಾಡುಹಗಲೇ ಕತ್ತಲೆ ಕವಿಯಿತು. ಎಷ್ಟೋ ಕುಟುಂಬಗಳು ಹೊಲ ಮನೆ ಬಿಟ್ಟು ಗುಳೆ ಹೋದವು. ಅದೇ ತಿಂಗಳು ಮಣ್ಣು ಸಂರಕ್ಷಣೆಯ ಕಾಯಿದೆ ಬಂದಿತು. 1937ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಮೊದಲ ಜಿಲ್ಲೆ ರಚನೆಯಾಯಿತು. ಕಳೆದುಕೊಂಡು ಕಲಿತ ಈ ಪಾಠ ಮಕ್ಕಳಿಗೂ ದಾಟಬೇಕೆಂಬುದೇ ಪಂದ್ಯದ ಉದ್ದೇಶ.

ಒಂದು ತಂಡಕ್ಕೆ ಐವರು. ಮಣ್ಣು, ನೀರು, ಕಾಡು, ವನ್ಯಜೀವಿ ಎಂಬ ನಾಲ್ಕು ವಿಷಯಗಳ ಜೊತೆಗೆ ವರ್ಷಕ್ಕೊಂದು ಹೊಸ ಸಮಸ್ಯೆ ಐದನೆಯ ವಿಷಯ. ಮಣ್ಣಿನ ಪರೀಕ್ಷೆಗೆ ಮಕ್ಕಳು ತೋಡಿಟ್ಟ ಗುಂಡಿಗೆ ಇಳಿಯುತ್ತಾರೆ. ಪದರಗಳನ್ನು ಗುರುತಿಸಿ, ಬಣ್ಣವನ್ನು ಪಟ್ಟಿಗೆ ಹೋಲಿಸಿ, ಒದ್ದೆ ಮಣ್ಣನ್ನು ಬೆರಳಲ್ಲಿ ತಿಕ್ಕಿ, ಆ ನೆಲ ಯಾವ ಬಳಕೆಗೆ ತಕ್ಕದ್ದೆಂದು ತೀರ್ಮಾನಿಸುತ್ತಾರೆ. ಹೊಳೆಯ ಕಲ್ಲಿನಡಿಯ ಹುಳುಗಳನ್ನು ನೋಡಿ ನೀರಿನ ಗುಣ ಹೇಳುತ್ತಾರೆ. ಮರದ ಸುತ್ತಳತೆ, ಎತ್ತರ ಅಳೆಯುತ್ತಾರೆ. ಕೊನೆಗೆ, ಕೊಟ್ಟ ಸಮಸ್ಯೆಗೆ ಪರಿಹಾರವನ್ನು ತೀರ್ಪುಗಾರರ ಮುಂದೆ ತಂಡವಾಗಿ ವಿವರಿಸಬೇಕು. ಬರಿಯ ಬಾಯಿಪಾಠ ಇಲ್ಲಿ ನಡೆಯದು.

ನಮ್ಮಲ್ಲಿಯೂ ಇದಕ್ಕೆ ದಾರಿಯಿಲ್ಲದಿಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು, ಮಕ್ಕಳು ತಮ್ಮೂರಿನ ಸಮಸ್ಯೆಯನ್ನೇ ಕೂಡಿ ಅಭ್ಯಸಿಸಿ ವರದಿ ಮಂಡಿಸುವ ಕ್ರಮವನ್ನು ಹಾಕಿಕೊಟ್ಟಿತು. ನಿಮ್ಮ ಶಾಲೆಯ ಮೇಷ್ಟ್ರ ಜೊತೆ ಮಾತಾಡಿ, ಊರಿನ ಹೊಲಗಳ ಮಣ್ಣನ್ನೇ ವಿಷಯವಾಗಿ ಕೊಡಿ.

ಮೊದಲು ಹೀಗೆ ಮಾಡಿಸಿ. ಗಾಜಿನ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ಪುಡಿ ಮಾಡಿದ ಮಣ್ಣು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟು ನೀರು ತುಂಬಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ಮರಳು ತಳಕ್ಕಿಳಿಯುತ್ತದೆ. ಅದರ ಮೇಲೆ ಒಂದೆರಡು ಗಂಟೆಯಲ್ಲಿ ನುಣ್ಣನೆಯ ಹೂಳು ಕೂರುತ್ತದೆ. ಜೇಡಿ ಕೂರಲು ಒಂದು ದಿನವೋ ಅದಕ್ಕೂ ಹೆಚ್ಚೋ ಬೇಕು. ಮೂರು ಪದರಗಳನ್ನೂ ಅಡಿಪಟ್ಟಿಯಿಂದ ಅಳೆದು ಬರೆದಿಡಲಿ.

ಆಮೇಲೆ ಇಳಿಜಾರು ಹೊಲದ ಮೇಲ್ತುದಿಯಲ್ಲೊಂದು, ಕೆಳತುದಿಯಲ್ಲೊಂದು ಮೊಣಕಾಲುದ್ದದ ಗುಂಡಿ ತೋಡಿ, ಮೇಲ್ಮಣ್ಣಿನ ದಪ್ಪವನ್ನು ಅಳೆಸಿ. ಮೇಲ್ತುದಿಯಲ್ಲಿ ತೀರ ತೆಳುವಾಗಿದ್ದು ಕೆಳಗೆ ದಪ್ಪವಾಗಿದ್ದರೆ, ಹೊಲದ ಸಾರ ಮಳೆನೀರಿನೊಡನೆ ಇಳಿದುಹೋಗುತ್ತಿರಬಹುದು. ಬದು ಸರಿಯಿದೆಯೇ, ಉಳುಮೆ ಇಳಿಜಾರಿಗೆ ಅಡ್ಡಲಾಗಿದೆಯೇ ಎಂದು ಆಗಲೇ ಪರೀಕ್ಷಿಸಿರಿ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಲು ಮರೆಯಬೇಡಿ.

ಗುಂಡಿ ತೋಡುವ ಕೆಲಸ ನಿಮ್ಮದು, ಅದನ್ನು ಓದುವ ಕೆಲಸ ಮಕ್ಕಳದು. ನಾಳೆ ಆ ಹೊಲ ಉಳುವವರು ಅವರೇ ಆಗಿರಲಿ, ಬೇರೆಯವರೇ ಆಗಿರಲಿ, ಉಳಲು ಮಣ್ಣು ಉಳಿದಿರಬೇಕಲ್ಲವೇ?