ಹೊಸ್ತಿಲಿನ ಕಾವಲು

೧೭೬೧ನೆಯ ಇಸವಿಯಲ್ಲಿ ಬೋಸ್ಟನ್ ನಗರದ ನ್ಯಾಯಾಲಯದಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲನು ವರ್ತಕರ ಪರವಾಗಿ ಎದ್ದು ನಿಂತನು. ಆಂಗ್ಲ ದೊರೆಯ ಸುಂಕದ ಅಧಿಕಾರಿಗಳ ಕೈಯಲ್ಲಿ ಆಗ ವಿಚಿತ್ರವಾದೊಂದು ಅಪ್ಪಣೆಪತ್ರವಿದ್ದಿತು. ಯಾರ ಮನೆ, ಯಾವ ವಸ್ತು ಎಂಬುದನ್ನು ಅದರಲ್ಲಿ ಹೇಳಬೇಕಾಗಿರಲಿಲ್ಲ. ಕಳ್ಳಸಾಗಣೆಯ ಸಂಶಯವೊಂದಿದ್ದರೆ ಯಾವ ಮನೆಯನ್ನಾದರೂ ಹೊಕ್ಕು ಜಾಲಾಡಬಹುದಾಗಿತ್ತು. ಓಟಿಸ್ ಮೊಕದ್ದಮೆಯಲ್ಲಿ ಸೋತನು. ಆದರೆ ಅಮೆರಿಕದ ಸ್ವಾತಂತ್ರ್ಯವು ಹುಟ್ಟಿದುದು ಆ ವಾದದಲ್ಲಿಯೇ ಎಂದು, ಅಂದು ಅದನ್ನು ಕೇಳುತ್ತ ಕುಳಿತಿದ್ದ ತರುಣ ವಕೀಲ ಜಾನ್ ಆಡಮ್ಸ್ ಮುಪ್ಪಿನಲ್ಲಿ ನೆನೆದನು.

೧೭೯೧ರಲ್ಲಿ ಆ ನೆನಪು ರಾಜ್ಯಾಂಗದ ನಾಲ್ಕನೆಯ ತಿದ್ದುಪಡಿಯಾಗಿ ಅಕ್ಷರಕ್ಕಿಳಿಯಿತು. ಜನರ ದೇಹ, ಮನೆ, ಕಾಗದಪತ್ರ, ಸಾಮಾನುಗಳನ್ನು ಅನುಚಿತವಾಗಿ ಶೋಧಿಸಕೂಡದು. ವಾರಂಟಿನಲ್ಲಿ ಇಂಥ ಸ್ಥಳ, ಇಂಥ ವಸ್ತುವೆಂದು ನಮೂದಾಗಿರಬೇಕು.

ಈ ಕೋಟೆಯ ಕಲ್ಲುಗಳು ಒಂದೊಂದಾಗಿ ಸಡಿಲಿದವು. ೧೯೨೮ರಲ್ಲಿ ಕಳ್ಳಮದ್ಯದ ವ್ಯಾಪಾರಿಯೊಬ್ಬನ ಟೆಲಿಫೋನ್ ಮಾತುಗಳನ್ನು ಅಧಿಕಾರಿಗಳು ಹೊರಗಿನ ತಂತಿಯಿಂದ ಕದ್ದು ಕೇಳಿದ ಪ್ರಕರಣ ಬಂದಿತು. ಮನೆಯೊಳಗೆ ಕಾಲಿಡದ ಕಾರಣ ಅದು ಶೋಧವೇ ಅಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಮೇಜಿನ ಖಾನೆಯಿಂದ ಕಾಗದವನ್ನು ಹೊರತೆಗೆಯದೆಯೇ ಓದುವ ಉಪಾಯವು ಮುಂದೊಂದು ದಿನ ಸರಕಾರಕ್ಕೆ ಲಭಿಸೀತೆಂದು ಭಿನ್ನಮತದ ನ್ಯಾಯಮೂರ್ತಿ ಬ್ರ್ಯಾಂಡೀಸ್ ಎಚ್ಚರಿಸಿದರು. ೧೯೬೭ರಲ್ಲಿ ಜೂಜುಗಾರನೊಬ್ಬನ ಮೊಕದ್ದಮೆಯಲ್ಲಿ ನ್ಯಾಯಾಲಯವು ತನ್ನ ತಪ್ಪನ್ನು ತಿದ್ದಿಕೊಂಡಿತು. ಆದರೆ ೧೯೭೯ರಲ್ಲಿ, ಡಯಲ್ ಮಾಡಿದ ಸಂಖ್ಯೆಗಳನ್ನು ಟೆಲಿಫೋನ್ ಕಂಪೆನಿಗೆ ತಾನೇ ಒಪ್ಪಿಸಿದವನಿಗೆ ಅವುಗಳಲ್ಲಿ ಗುಟ್ಟಿನ ಹಕ್ಕಿಲ್ಲವೆಂದಿತು. ಅಂದು ಚಿಕ್ಕದೆನಿಸಿದ ಆ ಬಿರುಕು ಎಷ್ಟು ಅಗಲವಾಗಿದ್ದಿತೆಂಬುದು ೨೦೧೩ರಲ್ಲಿ ಬಯಲಾಯಿತು: ಕೋಟ್ಯಂತರ ಜನರ ಕರೆಗಳ ವಿವರವನ್ನು ಸರಕಾರವು ರಾಶಿ ಹಾಕಿಕೊಂಡಿದ್ದಿತು. ೨೦೧೮ರಲ್ಲಿ, ದರೋಡೆಯ ಆರೋಪಿಯೊಬ್ಬನು ೧೨೭ ದಿನ ಓಡಾಡಿದ ಜಾಡನ್ನು ಮೊಬೈಲ್ ಕಂಪೆನಿಯಿಂದ ಪಡೆಯಲು ವಾರಂಟು ಬೇಕಿತ್ತೆಂದು ಅದೇ ನ್ಯಾಯಾಲಯವು ಹೇಳಿತು. ಆ ತೀರ್ಪೂ ಐದಕ್ಕೆ ನಾಲ್ಕು. ಹಕ್ಕು ಉಳಿದುದು ಒಂದೇ ಮತದಿಂದ.

ಮದ್ಯ ಮಾರಿದವನು, ಜೂಜಾಡಿದವನು, ದರೋಡೆಯ ಆರೋಪಿ! ಈ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ನಾವು ಮರುಕಪಡುವಂಥವರಲ್ಲ. ಆದುದರಿಂದಲೇ ಅದು ಸವೆಯುವಾಗ ಸಜ್ಜನರಿಗೆ ನೋವಾಗುವುದಿಲ್ಲ.

ನಮ್ಮಲ್ಲಿಯೂ ಈ ಪ್ರಶ್ನೆ ಹೊಸದಲ್ಲ. ನಮ್ಮ ರಾಜ್ಯಾಂಗದಲ್ಲಿ ನಾಲ್ಕನೆಯ ತಿದ್ದುಪಡಿಯಂಥ ವಿಧಿಯಿಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೫೪ರಲ್ಲಿ ಹೇಳಿದ್ದಿತು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ ಸಾರಿದುದು ೨೦೧೭ರಲ್ಲಿ. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಘೋಷಿಸಿದ ಹಕ್ಕನ್ನು ಕಾಯುವ ಕೆಲಸ ನಮಗೂ ಸೇರಿದ್ದು. ಕಳ್ಳನ ಬಾಗಿಲಿಗೆ ಅಗುಳಿಯಿಲ್ಲದ ಊರಿನಲ್ಲಿ ನಮ್ಮ ಬಾಗಿಲಿಗೂ ಅಗುಳಿ ಉಳಿಯದು.