ಪ್ರೋಟೀನ್ ಒಡೆಯುವ ಕಿಣ್ವಗಳು: ಬ್ಯಾಕ್ಟೀರಿಯಾದ ಆಪತ್ಕಾಲದ ವ್ಯವಸ್ಥೆ

ಪ್ರೋಟಿಯೇಸ್ ಎಂದೊಡನೆ ನಮಗೆ ನೆನಪಾಗುವುದು ಜೀರ್ಣಕ್ರಿಯೆ. ಆದರೆ ಬ್ಯಾಕ್ಟೀರಿಯಾದೊಳಗೆ ಈ ಕಿಣ್ವಗಳಿಗೆ ಇನ್ನೊಂದು ಮುಖ್ಯ ಕೆಲಸವಿದೆ. ಅಪಾಯ ಬಂದಾಗ ಕೋಶ ಎಷ್ಟು ಬೇಗ ಎಚ್ಚರಗೊಳ್ಳಬೇಕು, ಯಾವಾಗ ಸಹಜ ಸ್ಥಿತಿಗೆ ಮರಳಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ.

ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾವನ್ನೇ ನೋಡೋಣ. ಪ್ರಯೋಗಾಲಯದಲ್ಲಿ ಅದನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 42 ಡಿಗ್ರಿಗೆ ಬದಲಾಯಿಸಿದರೆ, ಅದರ ಕೆಲವು ಪ್ರೋಟೀನ್‌ಗಳು ಆಕಾರ ಕೆಟ್ಟು ಮುದ್ದೆಗಟ್ಟತೊಡಗುತ್ತವೆ. ಇವನ್ನು ಸರಿಪಡಿಸುವ ಸಹಾಯಕ ಪ್ರೋಟೀನ್‌ಗಳಿಗೆ ಶಾಪರೋನ್ ಎಂದು ಹೆಸರು. ಅವುಗಳ ಜೀನ್‌ಗಳನ್ನು ಚಾಲೂ ಮಾಡುವುದು ಸಿಗ್ಮಾ-32. ಆರ್‌ಎನ್‌ಎ ಪಾಲಿಮರೇಸ್‌ಗೆ ದಾರಿ ತೋರಿಸುವ ಸಿಗ್ಮಾ ಅಂಶದ ಬಗ್ಗೆ ಪಿಯುಸಿ ಜೀವಶಾಸ್ತ್ರದಲ್ಲಿ ಓದಿದ್ದೇವೆ. ಇದೂ ಅದೇ ಗುಂಪಿನದು.

ಸ್ವಾರಸ್ಯವೆಂದರೆ, ಬಿಸಿ ಇಲ್ಲದಿದ್ದಾಗಲೂ ಕೋಶ ಸಿಗ್ಮಾ-32 ಅನ್ನು ತಯಾರಿಸುತ್ತಲೇ ಇರುತ್ತದೆ. ಆದರೆ ಎಫ್‌ಟಿಎಸ್‌ಎಚ್ ಎಂಬ ಪ್ರೋಟಿಯೇಸ್ ಅದನ್ನು ಕೂಡಲೇ ಒಡೆದುಹಾಕುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅರ್ಧ ಭಾಗ ನಾಶವಾಗುತ್ತದೆ. ತಯಾರಿಸಿ ಒಡೆಯುವುದು ದಂಡವಲ್ಲವೇ? ತಳದಲ್ಲಿ ತೂತಿರುವ ಕೊಡಕ್ಕೆ ನಲ್ಲಿ ಬಿಟ್ಟಿದ್ದೇವೆ ಎಂದುಕೊಳ್ಳಿ. ತೂತು ಮುಚ್ಚಿದ ಕ್ಷಣದಿಂದಲೇ ನೀರು ಏರತೊಡಗುತ್ತದೆ. ಕೋಶವೂ ಹೀಗೆಯೇ ಸಮಯ ಉಳಿಸುತ್ತದೆ.

ಈ ತೂತು ಮುಚ್ಚುವವರು ಯಾರು? ಸಾಮಾನ್ಯ ದಿನಗಳಲ್ಲಿ ಶಾಪರೋನ್‌ಗಳೇ ಸಿಗ್ಮಾ-32 ಅನ್ನು ಹಿಡಿದು, ಪ್ರೋಟಿಯೇಸ್ ಅದನ್ನು ಒಡೆಯಲು ನೆರವಾಗುತ್ತವೆ. ಬಿಸಿ ಏರಿದಾಗ ಅವು ಕೆಟ್ಟ ಪ್ರೋಟೀನ್‌ಗಳ ರಿಪೇರಿಯಲ್ಲಿ ತೊಡಗುತ್ತವೆ. ಆಗ ಸಿಗ್ಮಾ-32 ಉಳಿದುಕೊಂಡು, ಇನ್ನಷ್ಟು ಶಾಪರೋನ್‌ಗಳು ತಯಾರಾಗುತ್ತವೆ. ರಿಪೇರಿ ಮುಗಿದ ಮೇಲೆ ಅವು ಬಿಡುವಾಗಿ ಮತ್ತೆ ಸಿಗ್ಮಾ-32 ಅನ್ನು ಹಿಡಿಯುತ್ತವೆ; ತುರ್ತು ಸ್ಥಿತಿ ತಾನಾಗಿಯೇ ಇಳಿಯುತ್ತದೆ.

ಹೀಗೆ ಇಳಿಯದಿದ್ದರೆ ಅಪಾಯ. ಡಿಎನ್‌ಎಗೆ ಹಾನಿಯಾದಾಗ ಸುಲ್‌ಎ ಎಂಬ ಪ್ರೋಟೀನ್ ಕೋಶ ವಿಭಜನೆಯನ್ನು ತಡೆದು, ದುರಸ್ತಿಗೆ ಸಮಯ ಕೊಡುತ್ತದೆ. ನಂತರ ಲಾನ್ ಎಂಬ ಪ್ರೋಟಿಯೇಸ್ ಅದನ್ನು ಒಡೆಯಬೇಕು. ಲಾನ್ ಇಲ್ಲದ ಬ್ಯಾಕ್ಟೀರಿಯಾ ನೇರಳಾತೀತ ಕಿರಣ ಬಿದ್ದ ಮೇಲೆ ವಿಭಜನೆಯಾಗದೆ, ಉದ್ದನೆಯ ಎಳೆಯಂತೆ ಬೆಳೆದು ಸಾಯುತ್ತದೆ.

ಇದು ಔಷಧ ವಿಜ್ಞಾನಕ್ಕೂ ಮುಖ್ಯ. ಸಿಪ್ರೊಫ್ಲಾಕ್ಸಾಸಿನ್‌ನಂತಹ ಆಂಟಿಬಯೋಟಿಕ್ ಡಿಎನ್‌ಎಗೆ ಹಾನಿ ಮಾಡಿದಾಗಲೂ ಬ್ಯಾಕ್ಟೀರಿಯಾ ಇದೇ ದುರಸ್ತಿ ವ್ಯವಸ್ಥೆಯಿಂದ ಬದುಕಲು ಯತ್ನಿಸುತ್ತದೆ. ಆದ್ದರಿಂದ ವಿಜ್ಞಾನಿಗಳು ಈ ಪ್ರೋಟಿಯೇಸ್‌ಗಳನ್ನೇ ಗುರಿಯಾಗಿಸುವ ಔಷಧಿಗಳನ್ನು ಹುಡುಕುತ್ತಿದ್ದಾರೆ. ಕ್ಲಿಪ್‌ಪಿ ಎಂಬ ಪ್ರೋಟಿಯೇಸ್ ಹತೋಟಿ ತಪ್ಪಿ ಬೇಕಾದ ಪ್ರೋಟೀನ್‌ಗಳನ್ನೂ ಒಡೆಯುವಂತೆ ಮಾಡಿ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಸಂಯುಕ್ತಗಳು ಈಗಾಗಲೇ ಪತ್ತೆಯಾಗಿವೆ.