ವಯೋನಿಯಮವೂ ತಂಡಗಳ ಸಮಬಲವೂ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ.ಯಲ್ಲಿ ಹೊಸ ಆಟಗಾರರನ್ನು ಹಂಚುವ ‘ಡ್ರಾಫ್ಟ್’ ಪದ್ಧತಿಯು, ಹೆಚ್ಚು ಸೋತ ತಂಡಗಳಿಗೆ ಮೊದಲ ಆಯ್ಕೆಯ ಅವಕಾಶವನ್ನು ಅಧಿಕವಾಗಿತ್ತು ಸಮಬಲವನ್ನು ಸಾಧಿಸಲೆಳಸುತ್ತದೆ. ಆದರೆ ಆರಿಸುವವರಿಗೆ ಆಟಗಾರನ ಯೋಗ್ಯತೆಯ ಅರಿವಿಲ್ಲದಿದ್ದರೆ ಈ ಅನುಕೂಲವು ನಿಷ್ಫಲವೆಂಬುದನ್ನು ನಾವು ಗಮನಿಸಬೇಕು. ಪ್ರೌಢಶಾಲೆಯಿಂದ ನೇರವಾಗಿ ಬಂದು ಮೊದಲಿಗರಾಗಿ ಆಯ್ಕೆಗೊಂಡವರಲ್ಲಿ, 2001ರ ಕ್ವಾಮಿ ಬ್ರೌನ್ ನಿರೀಕ್ಷೆಯನ್ನು ಮುಟ್ಟಲಿಲ್ಲ. 2003ರ ಲೆಬ್ರಾನ್ ಜೇಮ್ಸ್ ಅದನ್ನು ಮೀರಿದರು. 2006ರ ಡ್ರಾಫ್ಟಿನಿಂದ 19 ವರ್ಷದ ವಯೋಮಿತಿಯನ್ನೂ, ಅಮೆರಿಕದ ತರುಣರಿಗೆ ಶಾಲೆ ಮುಗಿದ ಬಳಿಕ ಒಂದು ವರ್ಷದ ಅಂತರವನ್ನೂ ವಿಧಿಸಲಾಯಿತು. ಇದರಿಂದ ಪರೀಕ್ಷೆಗೆ ಕಾಲಾವಕಾಶ ದೊರೆಯಿತು. ಆದರೂ ಒಂದು ವರ್ಷ ಕಾಲೇಜಿನಲ್ಲಿ ಆಡಿ, 2013ರಲ್ಲಿ ಮೊದಲಿಗರಾಗಿ ಆಯ್ಕೆಗೊಂಡ ಆಂಥೊನಿ ಬೆನೆಟ್ ನಾಲ್ಕೇ ಋತುಗಳಲ್ಲಿ ಸಂಘದಿಂದ ಮರೆಯಾದರು. ದುರ್ಬಲ ತಂಡದ ಅಪಾಯವನ್ನು ಈ ನಿಯಮವು ತಗ್ಗಿಸಬಹುದು, ನೀಗಿಸಲಾರದು. ಅದಕ್ಕಾಗಿ ಒಂದು ವರ್ಷದ ವೃತ್ತಿವೇತನವನ್ನು ತೊರೆಯಬೇಕಾದವನು ತರುಣ ಆಟಗಾರನೇ ಎಂಬುದನ್ನು ನಾವು ಮರೆಯಲಾಗದು.